ರಿವೆಟ್ ಸಡಿಲವಾದರೆ ವೆಲ್ಡಿಂಗ್ ಯಾಕೆ ಮಾಡಲ್ಲ?
ಹಳೇ ರೈಲ್ವೆ ಸೇತುವೆಯ ಉಕ್ಕಿನ ಪಟ್ಟಿಗಳನ್ನು ಜೋಡಿಸಿ ಹಿಡಿಯುವ ಗುಂಡುತಲೆ ಮೊಳೆ, ಅಂದರೆ ರಿವೆಟ್, ಸಡಿಲವಾದರೆ ಅದಕ್ಕೆ ಸುಮ್ನೆ ವೆಲ್ಡಿಂಗ್ ಹೊಡೆದರೆ ಆಗಲ್ವಾ ಅಂತ ಕೇಳಿದ್ದೀರಿ. ಬೇಡ ಸಾರ್. ದಾವಣಗೆರೆಯ ನಮ್ಮ ವರ್ಕ್‌ಶಾಪ್‌ನಲ್ಲಿ ಗೇಟು, ಟ್ರಾಲಿಗೆ ಅದು ನಡೆಯುತ್ತದೆ, ಸೇತುವೆಗೆ ಅಲ್ಲ. ನೂರು ವರ್ಷ ದಾಟಿದ ಉಕ್ಕಿನಲ್ಲಿ ಗಂಧಕ, ರಂಜಕ ಜಾಸ್ತಿ ಇರುವುದುಂಟು. ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡಬಹುದು. ಆಮೇಲೆ ರೈಲು ಹೋದಷ್ಟೂ ಅದು ಬೆಳೆಯುತ್ತದೆ.

ಸಡಿಲ ರಿವೆಟ್ ಪತ್ತೆ ಮಾಡುವುದೇ ಒಂದು ಮಜಾ. ತಲೆಯ ಒಂದು ಬದಿಗೆ ಬೆರಳಿಟ್ಟು, ಎದುರು ಬದಿಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಬೆರಳಿಗೆ ಅದುರಿದರೆ ಸಡಿಲ ಅಂತ ಲೆಕ್ಕ. ಸುತ್ತ ತುಕ್ಕಿನ ಗೆರೆ ಇಳಿದಿದ್ದರೂ ಅನುಮಾನ ಪಡಬೇಕು. ಸಡಿಲವಾದ ರಿವೆಟ್ ತೆಗೆದು, ತೂತು ಸರಿಮಾಡಿ, ಹೈ ಟೆನ್ಸೈಲ್ ಬೋಲ್ಟ್ (ಹೆಚ್ಚು ಎಳೆತ ತಡೆಯುವ ಗಟ್ಟಿ ಬೋಲ್ಟ್) ಬಿಗಿಯುತ್ತಾರೆ. ಎಲ್ಲ ಒಟ್ಟಿಗೆ ಬಿಚ್ಚುವುದಿಲ್ಲ, ಒಂದು ತೆಗೆದು ಒಂದು ಹಾಕುತ್ತಾರೆ.

ಪೇಂಟ್ ಕೊನೆಗೆ, ಅದೂ ತುಕ್ಕು ಪೂರ್ತಿ ಕೆರೆದ ಮೇಲೆ.