ಆರೈಕೆಯಲ್ಲಿರುವ ಉಡಕ್ಕೆ ಏನು ತಿನ್ನಿಸಬೇಕು?

ಪ್ರಶ್ನೆ: ಚಿಂಚೋಳಿ ಭಾಗದಲ್ಲಿ ಗಾಯಗೊಂಡ ಕಾಡುಪ್ರಾಣಿಗಳ ಆರೈಕೆಗೆ ಅರಣ್ಯ ಇಲಾಖೆಯವರ ಜೊತೆ ಕೈಜೋಡಿಸಿದ್ದೇನೆ. ಮಾಗಿ ಉಳುಮೆಯ ಹೊತ್ತಿನಲ್ಲಿ ಟ್ರ್ಯಾಕ್ಟರ್ ನೇಗಿಲಿಗೆ ಸಿಕ್ಕು ಬಾಲದ ಬುಡಕ್ಕೆ ಪೆಟ್ಟಾದ, ಒಂದೂವರೆ ಮೊಳ ಉದ್ದದ ಎಳೆಯ ಉಡವೊಂದು ಐದು ತಿಂಗಳಿಂದ ನಮ್ಮಲ್ಲಿದೆ. ಮೂಳೆ ತೆಗೆದ ಕೋಳಿಮಾಂಸವನ್ನೂ ಬೇಯಿಸಿದ ಮೊಟ್ಟೆಯನ್ನೂ ದಿನವೂ ಕೊಡುತ್ತೇವೆ. ಗಾಯ ಮಾಯ್ದಿದೆ, ಮೈ ತುಂಬಿಕೊಂಡಿದೆ. ಆದರೆ ಈಗೀಗ ಹಿಂಗಾಲು ಎಳೆಯುತ್ತಿದೆ, ಬೆರಳುಗಳು ನಡುಗುತ್ತಿವೆ. ಕಾಡಿನಲ್ಲಿ ಅದು ತಿನ್ನುವಂಥದ್ದನ್ನೇ ಕೊಡಬೇಕೆಂದರೆ ಏನು ಕೊಡಬೇಕು?

ಉತ್ತರ: ಮೊದಲು ಪಶುವೈದ್ಯರಲ್ಲಿ ಎಕ್ಸ್‌ರೇ ತೆಗೆಸಿ. ಪೆಟ್ಟು ಬೆನ್ನುಮೂಳೆಯವರೆಗೆ ಹೋಗಿದ್ದರೂ ಹಿಂಗಾಲು ಸೋಲುತ್ತದೆ. ಆದರೆ ಬೆರಳು ನಡುಗುವುದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರುವುದರ ಸೂಚನೆಯಾಗಿರಬಹುದಾದ್ದರಿಂದ ನನಗೆ ಹೆಚ್ಚಿನ ಅನುಮಾನ ಮೇವಿನ ಮೇಲೆಯೇ ಇದೆ. ಹೀಗೆಯೇ ಬೆಳೆದ ಎಳೆಯ ಉಡವೊಂದನ್ನು ನಾನು ಪರೀಕ್ಷಿಸಿದಾಗ, ಕಲ್ಲಿನಂತೆ ಗಟ್ಟಿಯಾಗಿರಬೇಕಾದ ಅದರ ಕೆಳದವಡೆ ಹೆಬ್ಬೆರಳಿನ ಒತ್ತಡಕ್ಕೆ ಹಸಿ ಬರಲಿನಂತೆ ಬಾಗಿತು. ಮೇಲ್ನೋಟಕ್ಕೆ ಅದೂ ಮೈತುಂಬಿದ ಪ್ರಾಣಿಯೇ ಆಗಿತ್ತು.

ಮೂಳೆಯಿಲ್ಲದ ಕೋಳಿಮಾಂಸದಲ್ಲಿ ರಂಜಕದ ಪ್ರಮಾಣ ಕ್ಯಾಲ್ಸಿಯಂಗಿಂತ ಸುಮಾರು 15 ಪಟ್ಟು ಹೆಚ್ಚು. ಚಿಪ್ಪು ಸುಲಿದ ಮೊಟ್ಟೆಯಲ್ಲೂ ರಂಜಕವೇ ಮುಂದು. ಬೆಳೆಯುವ ಪ್ರಾಣಿಗೆ ಕ್ಯಾಲ್ಸಿಯಂ ರಂಜಕಕ್ಕಿಂತ ತುಸು ಹೆಚ್ಚಿರಬೇಕು; ಮೇವಿನಿಂದ ದಕ್ಕದಿದ್ದರೆ ದೇಹ ತನ್ನ ಮೂಳೆಯನ್ನೇ ಕರಗಿಸಿ ರಕ್ತಕ್ಕೆ ಒದಗಿಸುತ್ತದೆ. ಕಾಡಿನಲ್ಲಿ ಈ ಕೊರತೆ ಸಾಮಾನ್ಯವಾಗಿ ಬರುವುದಿಲ್ಲ, ಏಕೆಂದರೆ ಉಡ ಅಲ್ಲಿ ಬರಿಯ ಮಾಂಸವನ್ನು ತಿನ್ನುವುದಿಲ್ಲ. ಇಲಿಯನ್ನು ಮೂಳೆ, ಕರುಳು, ಕೂದಲಿನ ಸಮೇತ ನುಂಗುತ್ತದೆ, ಬಸವನಹುಳುವನ್ನು ಚಿಪ್ಪಿನೊಂದಿಗೆ ತಿನ್ನುತ್ತದೆ. ಆದ್ದರಿಂದ ಬೇಟೆಯನ್ನು ಇಡಿಯಾಗಿ ಕೊಡುವುದನ್ನೇ ನಾನು ಸಹಜ ಆಹಾರವೆನ್ನುತ್ತೇನೆ.

ನಮ್ಮ ಭಾಗದ ಉಡ ದೊಡ್ಡ ಬೇಟೆಗಾರನೆಂಬ ಭಾವನೆ ಊರೂರಲ್ಲಿದೆ. ವಾಸ್ತವದಲ್ಲಿ ಅದರ ಹೊಟ್ಟೆ ತುಂಬುವುದು ಬಹುಪಾಲು ಹುಳುಹುಪ್ಪಟೆಯಿಂದ. ಹೊಲದ ಬದುವಿನಲ್ಲಿ ಸಿಕ್ಕ ಉಡದ ಹಿಕ್ಕೆಯನ್ನು ನೀರಿನಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದರೆ, ದುಂಬಿಗಳ ಕಪ್ಪು ಹೊಳಪಿನ ರೆಕ್ಕೆಗವಚಗಳು, ಮಿಡತೆಯ ಗರಗಸದಂಥ ಕಾಲುಗಳು, ಏಡಿಯ ಚಿಪ್ಪಿನ ಚೂರು ಬೇರೆಬೇರೆಯಾಗಿ ತೇಲುತ್ತವೆ. ಸಗಣಿ ದುಂಬಿ, ತಿಪ್ಪೆಯ ಗೊಣ್ಣೆಹುಳು, ಚೇಳು, ಕಪ್ಪೆ, ಹಕ್ಕಿಯ ಮೊಟ್ಟೆ, ಸಣ್ಣ ಹಾವು, ಸತ್ತ ಪ್ರಾಣಿ, ಎಲ್ಲವೂ ಅದಕ್ಕೆ ಸಲ್ಲುತ್ತವೆ. ಎಳೆಯ ಉಡಕ್ಕಂತೂ ಹುಳುಗಳೇ ಮುಖ್ಯ.

ನಿಮ್ಮ ಉಡಕ್ಕೆ ವಾರದಲ್ಲಿ ನಾಲ್ಕೈದು ದಿನ ಮೇವು ಸಾಕು. ಅದರಲ್ಲಿ ಹೆಚ್ಚಿನ ದಿನ ಮಿಡತೆ, ಸಾಕಿದ ಜಿರಲೆ, ಗೊಣ್ಣೆಹುಳು, ಬಸವನಹುಳುಗಳನ್ನು ಕೊಡಿ. ವಾರಕ್ಕೊಮ್ಮೆ ಅದರ ತಲೆಗಿಂತ ದಪ್ಪವಿಲ್ಲದ ಇಡೀ ಇಲಿ ಅಥವಾ ಕ್ವೇಲ್ ಮರಿಯನ್ನು, ಎರಡು ವಾರಕ್ಕೊಮ್ಮೆ ಚಿಪ್ಪಿನೊಂದಿಗೆ ಸಣ್ಣ ಮೊಟ್ಟೆಯನ್ನು ಕೊಡಬಹುದು. ಇಲಿ, ಕ್ವೇಲ್‌ಗಳನ್ನು ಕೊಂದೇ ಕೊಡಿ. ಜೀವಂತ ಇಲಿ ಕಚ್ಚಿ ಗಾಯ ಮಾಡುತ್ತದೆ. ಹುಳುಗಳಲ್ಲಿಯೂ ಕ್ಯಾಲ್ಸಿಯಂ ಕಡಿಮೆಯೇ ಇರುವುದರಿಂದ, ಅವುಗಳಿಗೆ ಒಂದೆರಡು ದಿನ ನುಗ್ಗೆಸೊಪ್ಪು ತಿನ್ನಿಸಿ, ಕೊಡುವ ಮುನ್ನ ರಂಜಕವಿಲ್ಲದ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಬೇಕು. ಈಗಿನ ಸ್ಥಿತಿಯಲ್ಲಿ ಔಷಧಿಯ ಪ್ರಮಾಣವನ್ನು ಮಾತ್ರ ವೈದ್ಯರೇ ನಿರ್ಧರಿಸಲಿ.

ಒಂದು ವಿಷಯದಲ್ಲಿ ನಿಮ್ಮನ್ನು ಕಳಕಳಿಯಿಂದ ಎಚ್ಚರಿಸುತ್ತೇನೆ. ಕಲಬುರಗಿ ಜಿಲ್ಲೆ ತೊಗರಿಯ ಕಣಜ. ತೊಗರಿ ಹೂವಿಗೆ ಬಂದಾಗಿನಿಂದ ಕಾಯಿಕೊರಕದ ಮೇಲೆ ಔಷಧಿ ಹೊಡೆಯುವುದು ಮೊದಲಾಗುತ್ತದೆ, ಗಿಡ ಅಲುಗಿಸಿದರೆ ಉದುರುವ ಕೊಬ್ಬಿದ ಹುಳುಗಳು ಮೇವಿಗೆ ಹೇಳಿ ಮಾಡಿಸಿದಂತೆ ಕಾಣುತ್ತವೆ. ಅವನ್ನು ತರಬೇಡಿ. ಹಾಗೆಯೇ ಹೊಲದಲ್ಲಿ, ಗೋದಾಮಿನಲ್ಲಿ ಸತ್ತುಬಿದ್ದ ಇಲಿಯೂ ಬೇಡ. ಅದು ಜಿಂಕ್ ಫಾಸ್ಫೈಡ್ ತಿಂದು ಸತ್ತಿದ್ದರೆ ಅದೇ ವಿಷ ಉಡದ ಹೊಟ್ಟೆಗೂ ಇಳಿಯುತ್ತದೆ. ಜಂತುಹುಳದ ಔಷಧಿ ಹಾಕಿದ ದನದ ಸಗಣಿಯ ದುಂಬಿಗಳನ್ನೂ ಬಿಟ್ಟುಬಿಡಿ.

ಮೇವಿನಷ್ಟೇ ಮುಖ್ಯವಾದುದು ಬಿಸಿಲು. ಮಳೆಗಾಲವೆಂದು ಅದನ್ನು ಕೋಣೆಯೊಳಗೆ ಇರಿಸಿದ್ದೀರಾದರೆ ತೊಂದರೆ ಇಮ್ಮಡಿಯಾಗಿರುತ್ತದೆ. ಬಿಸಿಲಿನ ನೇರಳಾತೀತ ಕಿರಣ ಚರ್ಮಕ್ಕೆ ತಾಗಿದಾಗ ತಯಾರಾಗುವ ಡಿ3 ಜೀವಸತ್ವವಿಲ್ಲದೆ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳಲಾರದು, ಕಿಟಕಿಯ ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ಮೈ 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕಾಯದಿದ್ದರೆ ನುಂಗಿದ ಇಲಿ ಸರಿಯಾಗಿ ಜೀರ್ಣವೂ ಆಗುವುದಿಲ್ಲ. ಜಾಲರಿಯ ಹೊರಾವರಣದಲ್ಲಿ ಬಿಸಿಲು ಬೀಳುವ ಕಡೆ ಒಂದು ಶಹಾಬಾದ್ ಪರಸಿ ಹಾಸಿ, ಇನ್ನೊಂದು ಕಡೆ ದಟ್ಟ ನೆರಳನ್ನೂ ಅಡಗಲು ಬಿಲವನ್ನೂ ಮಾಡಿಕೊಡಿ. ಮೈ ಮುಳುಗುವಷ್ಟು ಅಗಲದ ನೀರಿನ ಬಾನಿ ಸದಾ ಇರಲಿ. ಮೇವಿನ ಪ್ರೋಟೀನು ಯೂರಿಕ್ ಆಮ್ಲವಾಗಿ ಹೊರಹೋಗಬೇಕಾದ ಈ ಪ್ರಾಣಿಗೆ ನೀರು ಕಡಿಮೆಯಾದರೆ ಮೂತ್ರಪಿಂಡ ಕೆಡುತ್ತದೆ.

ಯಾದಗಿರಿಯ ಓದುಗರೊಬ್ಬರು ಮನೆಯಲ್ಲಿ ಉಡ ಸಾಕುವ ಬಗ್ಗೆ ಬರೆದಿದ್ದರು. ಅವರಿಗೆ ಇಷ್ಟೇ ಉತ್ತರ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಈ ಪ್ರಾಣಿಯನ್ನು ಹಿಡಿದು ಸಾಕಿದರೆ 3ರಿಂದ 7 ವರ್ಷದವರೆಗೆ ಸೆರೆವಾಸವಾಗಬಹುದು. ಸಿಕ್ಕ ಉಡವನ್ನು ಕೂಡಲೇ ಅರಣ್ಯ ಇಲಾಖೆಗೆ ಒಪ್ಪಿಸಬೇಕು.

ನಿಮ್ಮ ಉಡ ಮರಳಿ ಕಾಡಿಗೆ ಹೋಗಬೇಕಾದದ್ದು. ಕಾಲು ಗಟ್ಟಿಯಾದ ಮೇಲೆ ತಟ್ಟೆಯಲ್ಲಿ ಮೇವಿಡುವುದನ್ನು ನಿಲ್ಲಿಸಿ, ಒಣ ಎಲೆ ಮತ್ತು ಸಡಿಲ ಮಣ್ಣಿನಲ್ಲಿ ಜೀವಂತ ಹುಳುಗಳನ್ನು ಬಿಡಿ. ನಾಲಿಗೆ ಚಾಚಿ ವಾಸನೆ ಹಿಡಿದು, ಉಗುರಿನಿಂದ ಕೆದರಿ ತಾನೇ ಹುಡುಕಿ ತಿನ್ನುತ್ತದೆಯೇ ಎಂದು ದೂರದಿಂದ ಗಮನಿಸಿ ಬರೆದಿಡಿ. ಚಳಿ ಬಿದ್ದಾಗ ಅದು ತಾನಾಗಿ ಮೇವು ಕಡಿಮೆ ಮಾಡಿದರೆ ಬಲವಂತವಾಗಿ ತಿನ್ನಿಸಬೇಡಿ, ಆ ದಿನಗಳಲ್ಲಿ ಬಿಡುಗಡೆಯನ್ನೂ ಮಾಡಬೇಡಿ. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ, ಇಲಾಖೆಯ ಅಧಿಕಾರಿಗಳ ಸಮ್ಮುಖದಲ್ಲಿ, ಅದು ಸಿಕ್ಕ ಹೊಲದ ಹತ್ತಿರದ ಕುರುಚಲಿನಲ್ಲೇ ಬಿಡುವುದು ಒಳ್ಳೆಯದು.