ಮೂಳೆಮಜ್ಜೆ ಮತ್ತು ಥೈಮಸ್ (ಎದೆಯಲ್ಲಿರುವ, ರೋಗನಿರೋಧಕ ಟಿ ಕೋಶಗಳು ಬಲಿಯುವ ಗ್ರಂಥಿ) ಕೋಶಗಳಲ್ಲಿ ಟಿಡಿಟಿ ಕಿಣ್ವ ಕಾಣಬೇಕಾದ್ದು ನ್ಯೂಕ್ಲಿಯಸ್ಸಿನಲ್ಲೋ, ಸೈಟೋಪ್ಲಾಸಂನಲ್ಲೋ?

ನ್ಯೂಕ್ಲಿಯಸ್ಸಿನಲ್ಲಿ. ಟಿಡಿಟಿ ಅಂದರೆ ಟರ್ಮಿನಲ್ ಡಿಆಕ್ಸಿನ್ಯೂಕ್ಲಿಯೋಟಿಡಿಲ್ ಟ್ರಾನ್ಸ್‌ಫರೇಸ್. ಅಚ್ಚಿನ ಎಳೆಯಿಲ್ಲದೆಯೇ ಡಿಎನ್‌ಎ ತುದಿಗೆ ನ್ಯೂಕ್ಲಿಯೋಟೈಡ್ ಸೇರಿಸುವ ಕಿಣ್ವ. ಆಂಟಿಬಾಡಿ ಜೀನುಗಳ ತುಂಡುಗಳನ್ನು ಬೆಸೆಯುವ ಜಾಗದಲ್ಲಿ ಇದರ ಕೆಲಸ, ಹಾಗಾಗಿ ಇರಬೇಕಾದ ಜಾಗವೂ ಅದೇ. ಕೋಶ ಒಡೆದು ಭಾಗ ಬೇರ್ಪಡಿಸಿದಾಗ ಕಿಣ್ವ ದ್ರಾವಣಕ್ಕೆ ಸೋರುತ್ತದೆ. ಸೈಟೋಪ್ಲಾಸಂ ಎಂಬ ಗೊಂದಲಕ್ಕೆ ಅದೊಂದು ಕಾರಣ.

ಥೈಮಸ್‌ನಲ್ಲಿ ಟಿಡಿಟಿಗೆ ಅಂಟುವ ಹೊಳೆಯುವ ಆಂಟಿಬಾಡಿ ಹಾಕಿ ನೋಡಿದರೆ ಹೊರಪದರದ (ಕಾರ್ಟೆಕ್ಸ್) ಬಹುಪಾಲು ಕೋಶಗಳು ಪಾಸಿಟಿವ್. ಒಳಭಾಗ ಬಹುತೇಕ ಖಾಲಿ. ಹೀಗಾಗಿ ಒಂದೇ ಸ್ಲೈಡಿನಲ್ಲಿ ಹೋಲಿಕೆಗೆ ಬೇಕಾದ ಪಾಸಿಟಿವ್, ನೆಗೆಟಿವ್ ಎರಡೂ ಕಂಟ್ರೋಲ್ ಸಿಗುತ್ತವೆ. ಸಹಜ ಮಜ್ಜೆಯಲ್ಲಿ ಅಲ್ಲೊಂದು ಇಲ್ಲೊಂದು ಅಷ್ಟೇ. ಮಕ್ಕಳಲ್ಲಿ, ಕೀಮೋ ನಂತರ ಚೇತರಿಸುವ ಮಜ್ಜೆಯಲ್ಲಿ ಹೆಮಟೋಗೋನ್‌ಗಳಿಂದ (ಸಹಜವಾದ ಎಳೆಯ ಬಿ ಕೋಶಗಳು) ಹೆಚ್ಚು ಕಾಣಬಹುದು. ಅದನ್ನೇ ಲ್ಯುಕೇಮಿಯಾ ಎಂದು ಬರೆಯಬೇಡಿ.

ಸ್ಮಿಯರ್‌ಗೆ (ಗಾಜಿನ ಮೇಲೆ ತೆಳುವಾಗಿ ಹರಡಿದ ಮಜ್ಜೆಗೆ): ಗಾಳಿಯಲ್ಲಿ ಒಣಗಿಸಿ, 4 ಡಿಗ್ರಿಯ ಮೆಥನಾಲ್‌ನಲ್ಲಿ 30 ನಿಮಿಷ, ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ತೊಳೆದು, ತೇವದ ಡಬ್ಬಿಯಲ್ಲಿ ಆಂಟಿಬಾಡಿ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ, ಫ್ಯಾನ್ ಕೆಳಗೆ, ಆಂಟಿಬಾಡಿ ಹನಿಯ ಅಂಚು ಬೇಗ ಒಣಗುತ್ತದೆ. ಅಂಚಿನ ಹೊಳಪನ್ನು ಪಾಸಿಟಿವ್ ಎಂದು ಎಣಿಸಬೇಡಿ.

ಬಯಾಪ್ಸಿಯಲ್ಲಿ ಎಡವುವುದು ಡಿಕ್ಯಾಲ್ಸಿಫಿಕೇಶನ್‌ನಲ್ಲಿ, ಅಂದರೆ ಮೂಳೆಯ ತುಂಡಿನ ಕ್ಯಾಲ್ಸಿಯಂ ತೆಗೆಯುವಾಗ. ನೈಟ್ರಿಕ್ ಅಥವಾ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅವಸರ ಮಾಡಿದರೆ ಆಂಟಿಬಾಡಿ ಅಂಟಬೇಕಾದ ಆಂಟಿಜೆನ್ ಹಾಳಾಗಿ ಸುಳ್ಳು ನೆಗೆಟಿವ್ ಬರುತ್ತದೆ. ಅದೇ ಕೆಲಸಕ್ಕೆ ಇಡಿಟಿಎ ದ್ರಾವಣ ನಿಧಾನ, ಆದರೆ ನಂಬಬಹುದು. ಬೆಂಗಳೂರಿಗೆ ಸ್ಮಿಯರ್ ಕಳಿಸುವಾಗ ಫಾರ್ಮಲಿನ್ ಡಬ್ಬಿಯ ಜೊತೆ ಒಂದೇ ಕವರ್‌ಗೆ ಹಾಕಬೇಡಿ, ಆ ಹೊಗೆಯೇ ಸ್ಮಿಯರ್ ಕೆಡಿಸುತ್ತದೆ.