ಪದೇ ಪದೇ ತಂಡ ಬದಲಿಸುವ ‘ಜರ್ನಿಮನ್’ ಪಿಚರ್ ಅಂದ್ರೆ ಸೋತ ಆಟಗಾರನಾ?

ಖಂಡಿತ ಅಲ್ಲ. ಬೇಸ್‌ಬಾಲ್‌ನಲ್ಲಿ ಪಿಚರ್ ಅಂದ್ರೆ ಚೆಂಡು ಎಸೆಯುವವರು, ನಮ್ಮ ಬೌಲರ್ ಇದ್ದ ಹಾಗೆ. ತಂಡ ಬದಲಾಗುವುದು ಎಷ್ಟೋ ಸಲ ಅವರ ಆಯ್ಕೆಯೇ ಅಲ್ಲ, ಕ್ಲಬ್‌ಗಳೇ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ.

ಎಡ್ವಿನ್ ಜಾಕ್ಸನ್ ಅವರನ್ನೇ ನೋಡಿ. ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ 14 ತಂಡಗಳಿಗೆ ಆಡಿದ ದಾಖಲೆ ಅವರದು. 2003ರಲ್ಲಿ, ತಮ್ಮ 20ನೇ ಹುಟ್ಟುಹಬ್ಬದ ದಿನವೇ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡದ ಪರ ಮೊದಲ ಪಂದ್ಯ ಆಡಿ, ಎದುರಿಗೆ ದಿಗ್ಗಜ ಪಿಚರ್ ರ‍್ಯಾಂಡಿ ಜಾನ್ಸನ್ ಇದ್ದರೂ ಗೆದ್ದರು. 2011ರ ಜುಲೈನಲ್ಲಂತೂ ಒಂದೇ ದಿನ ಶಿಕಾಗೋದಿಂದ ಟೊರೊಂಟೊಗೆ, ಅಲ್ಲಿಂದ ಸೇಂಟ್ ಲೂಯಿಸ್‌ಗೆ ಕೈ ಬದಲಾದರು. ಅದೇ ವರ್ಷ ಸೇಂಟ್ ಲೂಯಿಸ್ ವರ್ಲ್ಡ್ ಸೀರೀಸ್, ಅಂದ್ರೆ ಲೀಗ್‌ನ ಫೈನಲ್ ಸರಣಿ, ಗೆದ್ದಿತು!

ನನಗೆ ಜಾಸ್ತಿ ಇಷ್ಟವಾಗುವುದು 2010ರ ಜೂನ್ 25ರ ಪಂದ್ಯ. ಅರಿಜೋನಾ ಪರ ಆಡುತ್ತಾ, ತಮ್ಮ ಹಳೇ ತಂಡ ಟ್ಯಾಂಪಾ ಬೇಗೆ ಒಂದೇ ಒಂದು ಹಿಟ್ (ಬ್ಯಾಟರ್ ಚೆಂಡು ಹೊಡೆದು ಔಟಾಗದೆ ಬೇಸ್, ಅಂದ್ರೆ ಓಟದ ನಿಲ್ದಾಣ, ತಲುಪುವುದು) ಕೂಡ ಬಿಟ್ಟುಕೊಡಲಿಲ್ಲ. ಹಿಡಿತ ತಪ್ಪಿ 8 ವಾಕ್ (ಚೆಂಡು ಗುರಿ ತಪ್ಪಿದ್ದಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಕೊಟ್ಟಿದ್ದರು, ಸಾಮಾನ್ಯವಾಗಿ ನೂರು ಚೆಂಡುಗಳ ಆಸುಪಾಸಿಗೆ ಪಿಚರ್‌ನನ್ನು ಬದಲಿಸುತ್ತಾರೆ, ಆದರೆ ಇವರು ಬಿಡದೆ 149 ಚೆಂಡು ಎಸೆದು 1-0ಯಿಂದ ಪಂದ್ಯ ಮುಗಿಸಿಕೊಟ್ಟರು.

ಒಟ್ಟು 107 ಗೆಲುವು, 133 ಸೋಲು. ಸುಮ್ನೆ ಅಂಕಿ ನೋಡಿದರೆ ಸಾಧಾರಣ ಅನ್ನಿಸಬಹುದು. ಆದರೆ ಕೆಲಸಕ್ಕೆ ಬಾರದವರನ್ನು 14 ತಂಡಗಳು ಕರೆಯಲ್ಲ, ಅಲ್ವಾ? ಕೊನೆಗೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡದ ಜೊತೆ ಬೆಳ್ಳಿ ಪದಕವನ್ನೂ ಗೆದ್ದು, 2022ರಲ್ಲಿ ನಿವೃತ್ತರಾದರು.